ಏಳನೆಯ ಬೆನ್ನು

ಮಿಲ್‌ಗ್ರೋವ್ ಊರಿನ ಹಿಟ್ಟಿನ ಗಿರಣಿಯ ಸೀಟಿ ಉದ್ದಕ್ಕೆ ಮೂರು ಸಲ ಕೂಗಿತೆಂದರೆ ಉಣ್ಣುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ನೆಲಮಾಳಿಗೆಗೆ ಇಳಿಯಬೇಕು. ಕೈ ತೊಳೆದು ಬರುತ್ತೇನೆ ಇರಪ್ಪಾ ಎಂದರೆ ಸುಂಟರಗಾಳಿ ಕಾಯುವುದಿಲ್ಲ. ಎರಡನೇ ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದ ಆ ಮೇ ತಿಂಗಳಿನ ಸಂಜೆಯೂ ಹಾಗೇ ಆಯಿತು. ಆರ್ಫಾ ಅಜ್ಜಿಯ ವಸತಿಮನೆಯಲ್ಲಿದ್ದ ಐದು ಜನ ವಿದ್ಯಾರ್ಥಿಗಳು ಜೋಳದ ರೊಟ್ಟಿಯ ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು, ಆಲೂಗಡ್ಡೆ ಮೂಟೆಗಳ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಅಜ್ಜಿ ಎಲ್ಲರಿಗಿಂತ ಕೊನೆಗೆ ಇಳಿದು ಬಾಗಿಲಿನ ಅಗಳಿ ಹಾಕಿ, ಸೀಮೆಎಣ್ಣೆ ದೀಪ ಹಚ್ಚಿ, ಪೀಚ್ ಹಣ್ಣಿನ ಜಾಡಿಗಳ ಪಕ್ಕದ ಕುರ್ಚಿಯಲ್ಲಿ ಕೂತಳು. ಬಾಗಿಲ ಮೇಲೆ ಆಲಿಕಲ್ಲು ಬೀಳುತ್ತಿತ್ತು.

ಐವರೂ ಮೂಳೆ ವೈದ್ಯದ ಶಾಲೆಯವರು. ಔಷಧಿಯನ್ನು ಹಿಂದಕ್ಕಿಟ್ಟು, ಬರಿಗೈಯಿಂದ ಮೂಳೆ, ಕೀಲು, ನರಗಳನ್ನು ತಿದ್ದಿ ರೋಗ ವಾಸಿಮಾಡುವ ವಿದ್ಯೆ ಅದು. ಅಂದು ಬೆಳಿಗ್ಗೆಯಷ್ಟೇ ಅವರ ಕೊನೆಯ ಪರೀಕ್ಷೆ, ಊರೆಲ್ಲ 'ಕುರುಡು ಪರೀಕ್ಷೆ' ಎಂದು ಕರೆಯುವುದು, ಮುಗಿದಿತ್ತು. ಯಾವ ಬೆನ್ನಿಗೆ ಯಾರು ಏನು ಬರೆದರು ಎಂದು ಬೆಳಗಿನಿಂದ ಜಗಳವಾಡಿ ಅವರ ಗಂಟಲು ಒಣಗಿತ್ತು.

"ಅಜ್ಜೀ, ಸುಮ್ನೆ ಕೂತ್ರೆ ಈ ಗುಡುಗು ಕೇಳಿಯೇ ಪ್ರಾಣ ಹೋಗುತ್ತೆ. ಒಂದು ದೆವ್ವದ ಕತೆ ಹೇಳಿ," ಅಂದ ವೆಂಡೆಲ್. ಯುದ್ಧಕ್ಕೆ ಹೋಗಿ ಬಂದವನು, ಬಾಯಿ ಜೋರು. "ಆದ್ರೆ ನಿಮ್ಮ ಅಡುಗೆಮನೇಲಿ ಬೆಣ್ಣೆ ಕದಿಯೋ ದೆವ್ವದ ಕತೆ ಬೇಡ. ಅದು ನಾನೇ."

ಹುಡುಗಿಯರು ನಕ್ಕರು. ಅಜ್ಜಿ ನಗಲಿಲ್ಲ. ದೀಪದ ಬತ್ತಿಯನ್ನು ಒಂದಿಷ್ಟು ಏರಿಸಿ, ಐದೂ ಮುಖಗಳನ್ನು ಒಂದು ಸುತ್ತು ನೋಡಿ, ಶುರುಮಾಡಿದಳು.

ದೆವ್ವಕ್ಕೆ ಕತ್ತಲೇ ಬೇಕು, ಗುಡುಗೇ ಬೇಕು ಅಂತ ನಿಮಗೆ ಯಾರು ಹೇಳಿದ್ದು ಮಕ್ಕಳೇ? ನಾನು ಹೇಳೋ ದೆವ್ವ ಬಂದಿದ್ದು ಬೆಳಿಗ್ಗೆ ಹತ್ತು ಗಂಟೆಗೆ, ಕಣ್ಣು ಕುಕ್ಕೋ ಬಿಸಿಲಲ್ಲಿ, ಅರವತ್ತು ಜನರ ಎದುರಿಗೆ. ಎಲ್ಲಿಗೆ ಅಂತೀರಾ? ನಿಮ್ಮ ಶಾಲೆಗೇ. ಹೂಂ, ಬಾಯಿ ಮುಚ್ಚೋ ವೆಂಡೆಲ್, ನೊಣ ಹೋದೀತು. ನಾನೂ ಅಲ್ಲಿ ಓದಿದವಳೇ. ಈ ಮುದುಕಿ ಹುಟ್ಟಿದಾಗಿಂದ ನಿಮಗೆ ರೊಟ್ಟಿ ಸುಟ್ಟು ಹಾಕ್ತಾನೇ ಇದ್ಲು ಅಂದ್ಕೊಂಡಿದ್ರಾ? ನನ್ನ ಡಾಕ್ಟರ್ ಕಾಗದ ಮೇಲೆ ಟ್ರಂಕಿನಲ್ಲಿದೆ. ಯಾಕೆ ಗೋಡೇಲಿಲ್ಲ ಅಂತ ಆಮೇಲೆ ಹೇಳ್ತೀನಿ.

ನಾನು ಹೇಳ್ತಿರೋದು ಸಾವಿರದ ಒಂಬೈನೂರ ಒಂದನೇ ಇಸವಿ. ಆಗ ಶಾಲೆಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಮುದುಕ ಡಾಕ್ಟರ್ ಹಟ್ಸೆಲ್ ಎರಡು ಕೋಣೆಯ ಮರದ ಮನೇಲಿ ಶುರುಮಾಡಿದ್ದು ಮೂರಂತಸ್ತಿನ ಇಟ್ಟಿಗೆ ಕಟ್ಟಡ ಆಗಿತ್ತು. ಏನು ಜನ ಅಂತೀರಿ! ರೈಲು ಬಂತು ಅಂದ್ರೆ ಅದರಿಂದ ಇಳಿಯೋರು ಕುಂಟೋರು, ಬಗ್ಗಿದೋರು, ಮಂಚದ ಸಮೇತ ಹೊತ್ಕೊಂಡು ಬಂದೋರು... ವಾಪಸ್ ಹೋಗೋವಾಗ ಊರುಗೋಲನ್ನ ನಿಲ್ದಾಣದಲ್ಲೇ ಬಿಸಾಕಿ ಹೋಗೋರು. ಸ್ಟೇಷನ್ ಮಾಸ್ಟರ್ ಚಳಿಗಾಲಕ್ಕೆ ಸೌದೆ ಕೊಳ್ಳೋದನ್ನೇ ಬಿಟ್ಟಿದ್ದ. ಔಷಧಿ ಬರೆಯೋ ಡಾಕ್ಟರುಗಳಿಗೆ ಹೊಟ್ಟೆಯುರಿ. 'ಮೂಳೆ ಮುರುಕರು' ಅಂತ ಪೇಪರಿನಲ್ಲಿ ಬರೆಸಿದ್ರು, ಕೋರ್ಟಿಗೆ ಎಳೆದ್ರು. ನಾವು ಬೀದೀಲಿ ಹೋಗ್ತಿದ್ರೆ ಪೋಲಿ ಹುಡುಗರು ಬೆರಳು ಲಟಕ್ ಅನ್ನಿಸಿ ನಗೋರು. ಅದೇನೇ ಇರ್ಲಿ, ಹೆಂಗಸರನ್ನ ಒಳಗೆ ಬಿಡದೇ ಇದ್ದ ಆ ಕಾಲದಲ್ಲಿ ಹಟ್ಸೆಲ್ ಮುದುಕ ಮೊದಲ ತರಗತಿಯಿಂದಲೇ ಹೆಂಗಸರನ್ನ ಸೇರಿಸ್ಕೊಂಡ. 'ಬೆರಳಿಗೆ ಗಡ್ಡ ಇರುತ್ತಾ?' ಅಂತ ಕೇಳೋನು.

ಕುರುಡು ಪರೀಕ್ಷೆ ಅವನದೇ ಕಟ್ಟಳೆ. ಕಣ್ಣು ಸುಳ್ಳು ಹೇಳುತ್ತೆ ಅನ್ನೋನು. ಕಣ್ಣು ರೋಗಿಯ ಬಟ್ಟೆ ನೋಡುತ್ತೆ, ಮುಖ ನೋಡುತ್ತೆ, ಇವಳು ಶ್ರೀಮಂತಳು, ಇವನು ಕುಡುಕ ಅಂತ ಮೊದಲೇ ತೀರ್ಮಾನ ಮಾಡಿಬಿಡುತ್ತೆ. ಅದಕ್ಕೇ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಒಳಗೆ ಬಿಡೋದು. ಸಾಲಾಗಿ ಮೇಜು, ಮೇಜಿನ ಮೇಲೆ ಕವುಚಿ ಮಲಗಿದ ರೋಗಿಗಳು, ಮೇಲೆ ತೆಳು ಹೊದಿಕೆ, ಅವರು ತುಟಿ ಪಿಟಕ್ ಅನ್ನೋ ಹಾಗಿಲ್ಲ. ಎಷ್ಟು ಜನ ಮಲಗಿದಾರೆ ಅಂತ ನಮಗೆ ಹೇಳೋದಿಲ್ಲ. ಬೆನ್ನು ಮುಟ್ಟಿ, ಬೆನ್ನುಮೂಳೆಯ ಯಾವ ಮಣಿ ಸರಿದಿದೆ, ಯಾವ ಪಕ್ಕೆಲುಬು ಮುರಿದು ಕೂಡಿದೆ ಅಂತ ಹೇಳ್ಬೇಕು. ನೀವು ಹೊರಗೆ ಬಂದು ಬರೀತೀರಿ, ನಾವು ಅಲ್ಲೇ ಬಾಯಲ್ಲಿ ಕೂಗಿ ಹೇಳ್ಬೇಕಿತ್ತು. ಇನ್ನೊಂದು ಕಟ್ಟಳೆ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ. 'ಕೈ ಮೇಲೆ ಕೈ.' ಅಂದ್ರೆ, ಶಿಷ್ಯ ಒಂದು ಹೇಳಿ ಗುರು ಅದು ತಪ್ಪು ಅಂದ್ರೆ, ಶಿಷ್ಯ ಕೇಳಿದ ತಕ್ಷಣ ಗುರುವೇ ಅದೇ ಬಟ್ಟೆ ಕಣ್ಣಿಗೆ ಕಟ್ಕೊಂಡು ಅದೇ ಜಾಗ ಮುಟ್ಟಿ ನೋಡ್ಬೇಕು. ಆಮೇಲೇ ಮಾತು.

ಆ ಚಳಿಗಾಲದಲ್ಲಿ ಮುದುಕ ತೀರ್ಕೊಂಡ. ಶಾಲೆ ಡಾಕ್ಟರ್ ಮಾಪಿನ್ ಕೈಗೆ ಬಂತು. ಮಾಪಿನ್ ಅಂದ್ರೆ... ನೋಡೋಕೆ ರಾಜನ ಹಾಗೆ, ಮಾತಾಡಿದ್ರೆ ಕಲ್ಲೂ ಕರಗ್ಬೇಕು. ಎಡಚ. ರೋಗಿಯ ತಲೆ ಹತ್ರ ನಿಂತು, ಎಡಗೈಯನ್ನ ಗದ್ದದ ಕೆಳಗೆ ಕೊಟ್ಟು, ಒಂದೇ ತಿರುವು. ವರ್ಷಗಟ್ಟಲೆ ತಲೆನೋವು ಅಂತ ಅಳ್ತಿದ್ದೋರು ನಗ್ತಾ ಎದ್ದು ಹೋಗೋರು. ಅವನ ಆ ತಿರುವು ನೋಡೋಕೇ ದೂರದೂರದಿಂದ ದೊಡ್ಡ ಮನುಷ್ಯರು ಬರೋರು. ನಾವೆಲ್ಲ ಅವನಿಗೆ ಸೋತು ಹೋಗಿದ್ವಿ, ನಿಜ ಹೇಳ್ತೀನಿ.

ಈಗ ತಿರ್ಜಾ ವಿಷಯಕ್ಕೆ ಬರ್ತೀನಿ. ಕತೆ ಅವಳದು.

ತಿರ್ಜಾ ಪ್ರೂಯಿಟ್. ಮೂವತ್ತೊಂದು ವರ್ಷ. ನನಗೆ ಆಗ ಇಪ್ಪತ್ತು, ನನ್ನ ಕಣ್ಣಿಗೆ ಅವಳು ಮುದುಕಿ. ಓಸಾಜ್ ಹೊಳೆಯ ಕಡೆ ಒಕ್ಕಲು ಮಾಡ್ಕೊಂಡಿದ್ದವಳು. ಜ್ವರ ಬಂದು ಗಂಡ, ಎರಡು ವರ್ಷದ ಮಗು ಒಂದೇ ವಾರದಲ್ಲಿ ಹೋದ್ರು. ಜ್ವರಕ್ಕೆ ಹೋದ್ರೋ, ಡಾಕ್ಟರು ಚಮಚ ಚಮಚ ಕುಡಿಸಿದ ಪಾದರಸದ ಔಷಧಿಗೆ ಹೋದ್ರೋ ದೇವರಿಗೇ ಗೊತ್ತು. ಮಗುವಿನ ಹಲ್ಲು ಒಂದೊಂದೇ ತಲೆದಿಂಬಿನ ಮೇಲೆ ಉದುರಿದ್ವಂತೆ. ಅವಳು ಅಳಲಿಲ್ಲ. ಹಸು ಮಾರಿದ್ಲು, ರೈಲು ಹತ್ತಿದ್ಲು, ಮಿಲ್‌ಗ್ರೋವಿನಲ್ಲಿ ಇಳಿದು ನೇರ ಶಾಲೆ ಬಾಗಿಲಿಗೆ ಬಂದು, 'ನಾನು ಡಾಕ್ಟರ್ ಆಗ್ಬೇಕು, ಎಲ್ಲಿ ಕೂರಲಿ?' ಅಂದ್ಲು. ಅಂಥ ಹೆಂಗಸು. ಹಿಡಿದ ಹಟ ಬಿಡೋಳಲ್ಲ. ಅಟ್ಟದ ಕೋಣೇಲಿ ನಾವಿಬ್ರೂ ಒಂದೇ ಹಾಸಿಗೆ ಹಂಚ್ಕೊಂಡಿದ್ವಿ. ಬೆಳಗಿನ ಜಾವ ಎದ್ದು ಶಾಲೆಯ ಹೊದಿಕೆಗಳನ್ನೆಲ್ಲ ಒಗೆದು ಹಾಕಿ, ಆ ಒಡೆದ ಕೈಗಳಲ್ಲೇ ತರಗತಿಗೆ ಬರೋಳು.

ಕೂದಲಿನ ಆಟ ನೀವು ಈಗಲೂ ಆಡ್ತೀರಲ್ಲ? ಪುಸ್ತಕದ ಹಾಳೆ ಕೆಳಗೆ ಒಂದು ಕೂದಲಿಟ್ಟು ಬೆರಳಿನಿಂದ ಹುಡುಕೋದು, ಸಿಕ್ತು ಅಂದ್ರೆ ಇನ್ನೊಂದು ಹಾಳೆ ಹಾಕೋದು. ನನ್ನ ಬೆರಳು ಒಂಬತ್ತು ಹಾಳೆ ದಾಟ್ತಿತ್ತು. ತರಗತೀಲಿ ಬೇರೆ ಯಾರಿಗೂ ಆರರ ಮೇಲೆ ಆಗ್ತಿರಲಿಲ್ಲ. ತಿರ್ಜಾ ಹನ್ನೊಂದು ದಾಟೋಳು. 'ಒಗೆದು ಒಗೆದು ಚರ್ಮ ತೆಳ್ಳಗಾಗಿದೆ ಕಣೇ, ಇನ್ನೇನಿಲ್ಲ' ಅಂತ ನಗೋಳು.

ಪರೀಕ್ಷೆ ದಿನ ಬಂತು. ಹೆಸರಿನ ಅಕ್ಷರದ ಪ್ರಕಾರ ನನ್ನ ಸರದಿ ಮೊದಲು. ಒಳಗೆ ಹೋದೆ, ಆರು ಬೆನ್ನು ಹೇಳಿದೆ, ಆರೂ ಸರಿ ಅಂದ್ರು. ಬಟ್ಟೆ ಬಿಚ್ಚಿ, ಮುಗಿಸಿದೋರು ಕೂರೋ ಬೆಂಚಿನ ಮೇಲೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ತಿರ್ಜಾನ ಕರೆದ್ರು.

ಅವಳು ಹೋಗಿದ್ದು ನೋಡ್ಬೇಕಿತ್ತು. ಒಂದು, ಎರಡು, ಮೂರು... ಪಟಪಟ ಅಂತ ಹೇಳ್ಕೊಂಡು ಹೋದ್ಲು. ಆರನೇಯವನಿಗೆ ಹದಿನೈದು ವರ್ಷದ ಹಿಂದೆ ಕುದುರೆಯಿಂದ ಬಿದ್ದಿದ್ದು ಕೂಡ ಹೇಳಿದ್ಲು. ಅವನು ಮಾತಾಡಬಾರ್ದು ಅನ್ನೋದನ್ನ ಮರೆತು 'ಹೌದಮ್ಮಾ!' ಅಂದ್ಬಿಟ್ಟ. ಆರಾಯ್ತು. ಆಮೇಲೆ ಹೊರಗೆ ಹೋಗೋ ಬಾಗಿಲಿಗೆ ದೊಡ್ಡ ಕಿಟಕಿಯ ಪಕ್ಕದಲ್ಲಿ ಹಾದು ಹೋಗ್ಬೇಕು. ಅಲ್ಲಿ ಏನೂ ಇಲ್ಲ. ಬರೀ ನೆಲ, ನೆಲದ ಮೇಲೆ ಬಿಸಿಲು. ತಿರ್ಜಾ ಅಲ್ಲಿಗೆ ಬಂದ್ಲು... ನಿಂತ್ಲು. ಮೇಜಿನ ಎತ್ತರಕ್ಕೆ ಎರಡೂ ಕೈ ಇಳಿಸಿದ್ಲು. ಕೈ ನಿಂತ್ವು.

ಬೆಂಚಿನ ಮೇಲಿದ್ದೋರೆಲ್ಲ ಕಿಸಕ್ಕನೆ ನಕ್ರು. ಪಾಪ, ಗಾಬರೀಲಿ ಲೆಕ್ಕ ತಪ್ಪಿದಾಳೆ ಅಂತ. ಅವಳು ಸೊಂಟದಿಂದ ಮೇಲಕ್ಕೆ ಬೆರಳು ಸರಿಸ್ತಾ ಶುರುಮಾಡಿದ್ಲು. 'ಏಳನೇದು. ಹೆಣ್ಣು. ಇಪ್ಪತ್ತು, ಇಪ್ಪತ್ತೆರಡು ವರ್ಷ. ಬಹಳ ತೆಳ್ಳಗಿದಾಳೆ. ಬಲಗಡೆ ಸೊಂಟದ ಕೀಲು ಮೇಲಕ್ಕೆ ಸರಿದಿದೆ, ನಡೆಯೋದು ಕಷ್ಟ. ಬಲಗಡೆ ಹತ್ತನೇ ಪಕ್ಕೆಲುಬು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡ್ಕೊಂಡಿದೆ...' ನಗು ನಿಂತ್ಹೋಯ್ತು. ಯಾಕೆ ಗೊತ್ತಾ? ಗಾಳೀಲಿ ಆಡೋ ಕೈ ಹಾಗೆ ಆಡೋದಿಲ್ಲ. ಬೆರಳ ತುದಿ ಒತ್ತಿ ಬೆಳ್ಳಗಾಗಿತ್ತು. ಒತ್ತೋಕೆ ಏನೋ ಇದ್ರೆ ತಾನೇ ಬೆಳ್ಳಗಾಗೋದು?

ಕತ್ತಿನ ಹತ್ರ ಬಂದ್ಲು. ತುಂಬ ಹೊತ್ತು ಅಲ್ಲೇ ಇದ್ಲು.

'ಕತ್ತಿನ ಎರಡನೇ ಮಣಿ ಮುರಿದಿದೆ. ಬಿದ್ದು ಮುರಿದಿದ್ದಲ್ಲ. ತಿರುವಿ ಮುರಿದಿದ್ದು. ತಿರುವಿದೋನು ತಲೆ ಹತ್ರ ನಿಂತಿದ್ದ, ಎಡಚ.' ಆಮೇಲೆ ಮುಖ ಮೇಲೆತ್ತಿ, ಒಂಥರಾ ಸಿಟ್ಟಿನಲ್ಲಿ ಕೇಳಿದ್ಲು. 'ಇವಳನ್ನ ಯಾಕೆ ಇಲ್ಲಿ ಮಲಗಿಸಿದೀರಿ? ಇವಳು ಬದುಕಿಲ್ಲ.'

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ ಮಾಪಿನ್ ಎಡಗೈನ ಕೋಟಿನ ಜೇಬಿಗೆ ಹಾಕ್ಕೊಂಡ. ನಾನು ನೋಡಿದೆ. ನೋಡಿದೋಳು ನಾನೊಬ್ಬಳೇ ಏನೋ.

'ಮಿಸೆಸ್ ಪ್ರೂಯಿಟ್, ಬಟ್ಟೆ ಬಿಚ್ಚಿ ನೋಡಿ' ಅಂದ. ಬಿಚ್ಚಿದ್ಲು. ಖಾಲಿ ನೆಲ. ಅವಳ ಮುಖದ ಬಣ್ಣ ಇಳೀತು, ನೆಲ ನೋಡಿದ್ಲು, ತನ್ನ ಕೈ ನೋಡ್ಕೊಂಡ್ಲು. ಅವನು ಬೆಣ್ಣೆ ಹಚ್ಚಿದ ದನಿಯಲ್ಲಿ ಅಂದ, 'ಆರೂ ಸರಿಯಾಗಿ ಹೇಳಿದೀರಿ, ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ದಣಿದಿದೀರಿ, ಪರವಾಗಿಲ್ಲ. ಏಳನೇದು ಇಲ್ಲ ಅಂತ ಒಂದು ಮಾತು ಹೇಳಿಬಿಡಿ. ಈಗಲೇ ನಿಮ್ಮ ಕಾಗದಕ್ಕೆ ಸಹಿ ಹಾಕ್ತೀನಿ.'

ನೋಡಿ ಮಕ್ಕಳೇ, ಎರಡೇ ಅಕ್ಷರ. ಇಲ್ಲ. ಅಷ್ಟಂದಿದ್ರೆ ಅವಳು ಡಾಕ್ಟರ್. ಅವಳಿಗೆ ವಾಪಸ್ ಹೋಗೋಕೆ ಮನೆ ಇಲ್ಲ, ಹಸು ಇಲ್ಲ, ಮಗು ಇಲ್ಲ. ಆ ಕಾಗದ ಒಂದೇ ಇದ್ದಿದ್ದು.

'ಕಣ್ಣಿಗೆ ಕಾಣ್ತಿಲ್ಲ ಅನ್ನೋದು ನಿಜ ಡಾಕ್ಟರೇ, ಕೈಗೆ ಸಿಕ್ಕಿದ್ದೂ ನಿಜ. ಈ ಶಾಲೇಲಿ ಯಾವುದನ್ನ ನಂಬ್ಬೇಕು ಅಂತ ನೀವೇ ಕಲಿಸಿದೀರಿ' ಅಂದು ಗೋಡೆ ಕಡೆ ತೋರಿಸಿದ್ಲು. 'ಕೈ ಮೇಲೆ ಕೈ ಇಡಿ.'

'ಗಾಳಿ ಮೇಲೆ ಕೈ ಇಡ್ಲಾ?' ಅಂತ ಮಾಪಿನ್ ನಕ್ಕ. ಎಲ್ಲರೂ ನಕ್ರು. ನಗದೇ ಏನು ಮಾಡ್ತಾರೆ, ಅವರ ಕಾಗದಕ್ಕೂ ಅವನೇ ತಾನೇ ಸಹಿ ಹಾಕ್ಬೇಕಾದೋನು? ತಿರ್ಜಾ ಫೇಲು.

ಅವತ್ತು ಅಟ್ಟದಲ್ಲಿ ನಾನು ಅವಳಿಗೆ ಎಷ್ಟು ಬುದ್ಧಿ ಹೇಳಿದೆ! 'ನಾಳೆ ಹೋಗಿ ಇಲ್ಲ ಅಂದ್ಬಿಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ?' ಅಂದೆ. ಅವಳು ಕೈಗೆ ಹಂದಿ ಕೊಬ್ಬು ಸವರ್ಕೊಳ್ತಿದ್ಲು, ಬಿರುಕಿಗೆ. ತಲೆ ಎತ್ತದೇ ಹೇಳಿದ್ಲು. 'ನನ್ನ ಮಗುಗೆ ಔಷಧಿ ಕುಡಿಸಿದೋನಿಗೂ ಗೊತ್ತಿತ್ತು ಕಣೇ ಆರ್ಫಾ. ಮಗು ಬಾಯಿ ನೋಡಿದ, ಉದುರಿದ ಹಲ್ಲನ್ನ ದಿಂಬಿನ ಕೆಳಗೆ ಸರಿಸಿದ, ನಾನು ಕಂಡೆ. ಆದ್ರೂ ಎಲ್ಲ ಸರಿಹೋಗ್ತಿದೆ ಅಂತ ಹೇಳಿ ಇನ್ನೊಂದು ಚಮಚ ಹಾಕ್ದ. ಅಂಥ ಡಾಕ್ಟರ್ ಆಗೋಕೆ ನಾನು ಇಲ್ಲಿಗೆ ಬರ್ಲಿಲ್ಲ.' ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಊರು ಬಿಟ್ಟು ಹೋದ್ಲು ಅಂದ್ಕೊಂಡ್ರಾ? ಇಲ್ಲ. ಒಂದು ವರ್ಷ ಹೊದಿಕೆ ಒಗೆದ್ಲು. ಜನ ಏನೆಲ್ಲ ಆಡ್ಕೊಂಡ್ರು. 'ಪ್ರೂಯಿಟಮ್ಮಾ, ನಿಮ್ಮ ಏಳನೇಯವಳು ಚೆನ್ನಾಗಿದಾಳಾ? ಕಾಫಿ ಕುಡಿದ್ಲಾ?' ಅಂತ ಹಾದಿ ಬೀದೀಲಿ ಕೇಳೋರು. ಇವಳು 'ಪರೀಕ್ಷೆಗೆ ಬರ್ತೀನಿ ಅಂದಿದಾಳೆ' ಅನ್ನೋಳು. ನಾನು ಪಾಸಾದೋಳು, ಇದೇ ಊರಲ್ಲೇ ಶಾಲೆಯ ಆಸ್ಪತ್ರೇಲಿ ಕೆಲಸಕ್ಕೆ ಸೇರ್ಕೊಂಡಿದ್ದೆ, ಅದೇ ಕೋಣೆ. ಎರಡನೇ ವರ್ಷ ಮತ್ತೆ ಒಳಗೆ ಹೋದ್ಲು. ಮತ್ತೆ ಅದೇ ಜಾಗ, ಅದೇ ಸೊಂಟ, ಅದೇ ಪಕ್ಕೆಲುಬು, ಅದೇ ಕತ್ತು. ಮತ್ತೆ 'ಕೈ ಮೇಲೆ ಕೈ'. ಮಾಪಿನ್ ಈ ಸಲ ನಗಲಿಲ್ಲ, ಹೊರಗೆ ಕಳಿಸಿ ಅಂದ. ಮತ್ತೆ ಫೇಲು.

ಆ ವರ್ಷ ಅವಳು ಹುಡುಕೋಕೆ ಶುರುಮಾಡಿದ್ಲು. ರೋಗಿಗಳ ಹೆಸರಿನ ದೊಡ್ಡ ಪುಸ್ತಕ ಇತ್ತಲ್ಲ, ಅದರ ಮೇಜು ಒರೆಸೋ ಕೆಲಸಾನೂ ಕೇಳಿ ತಗೊಂಡ್ಲು. ಸಾವಿರಾರು ಹೆಸರು. ಸೊಂಟ ಎತ್ತರವಾಗಿರೋ ಇಪ್ಪತ್ತೆರಡು ವರ್ಷದ ಹುಡುಗಿ... ಒಂದು ದಿನ ಸಿಕ್ಕಿದ್ಲು. ಲವಿನಿಯಾ ಗೂಚ್. ನೊಡವೇ ಸೀಮೆಯವಳು. ಬಲ ಸೊಂಟಕ್ಕೆ ಅಂತ ಬಂದಿದ್ಲು. ಅದರ ಮುಂದೆ ಮಾಪಿನ್ನನ ಎಡಗೈ ಬರಹ, 'ವಾಸಿಯಾಗಿ ಊರಿಗೆ ಹೋದಳು'. ತಿರ್ಜಾ ಅವಳ ಮನೆಗೆ ಕಾಗದ ಬರೆದ್ಲು. ಏನು ಕೇಳಿದ್ಲು ಗೊತ್ತಾ? 'ನಿಮ್ಮ ಮಗಳು ಚಿಕ್ಕವಳಿದ್ದಾಗ ಪಕ್ಕೆಲುಬು ಮುರ್ಕೊಂಡಿದ್ಲಾ?' ಅಷ್ಟೇ. ಆ ಹುಡುಗಿಯ ಅಣ್ಣ ಪೆನ್ಸಿಲಿನಲ್ಲಿ ಉತ್ತರ ಬರೆದ. ಹೂಂ, ಹೇಸರಗತ್ತೆ ಒದ್ದಿತ್ತು, ಬಲಗಡೆ, ಆದ್ರೆ ಅದು ನಿಮಗೆ ಹೆಂಗೆ ಗೊತ್ತು? ನಮ್ಮ ವಿನ್ನಿ ಪೆಟ್ಟಿಗೇಲಿ ಮನೆಗೆ ಬಂದ್ಲು. ರೈಲಿನಲ್ಲಿ ಎದೆ ನಿಂತ್ಹೋಯ್ತು ಅಂತ ಡಾಕ್ಟರು ಬರೆದಿದ್ರು...

ಆ ಕಾಗದ ಓದಿ ತಿರ್ಜಾ ಕೂಗಾಡ್ಲಿಲ್ಲ. ಮಡಿಸಿ ರವಿಕೆಯೊಳಗೆ ಇಟ್ಕೊಂಡು, ಒದ್ದೆ ಹೊದಿಕೆ ಹರವೋಕೆ ಹೋದ್ಲು. ಕಾಗದ ತೋರಿಸಿದ್ರೆ ಮಾಪಿನ್ ಏನಾದ್ರೂ ಕತೆ ಕಟ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅವನ ಬಾಯಿಗೆ ಯಾರೂ ಸಾಟಿ ಇಲ್ಲ. ಅವನ ಕೈನ ಹಿಡೀಬೇಕು.

ಮೂರನೇ ವರ್ಷ. ನಮ್ಮ ವಿದ್ಯೆಗೆ ಕಾನೂನಿನ ಒಪ್ಪಿಗೆ ಕೊಡ್ಬೇಕೋ ಬೇಡ್ವೋ ಅಂತ ನೋಡೋಕೆ ರಾಜಧಾನಿಯಿಂದ ಶಾಸಕರು ಬಂದಿದ್ರು. ಮುಂದಿನ ಸಾಲಿನಲ್ಲಿ ಎಂಟು ಜನ ಕರೀ ಕೋಟು. ಮಾಪಿನ್ ತಿರ್ಜಾ ಹೆಸರನ್ನ ಹೊಡೆದು ಹಾಕೋಕೆ ನೋಡ್ದ. ಇವಳು ಮೂರು ಸಲ ಕೂರೋ ಹಕ್ಕಿದೆ ಅಂತ ಹಟ್ಸೆಲ್ ಬರೆಸಿದ ಕಟ್ಟಳೆ ತಂದು ಎದುರಿಗಿಟ್ಲು. ಒಳಗೆ ಹೋದ್ಲು. ಆರು ಬೆನ್ನು. ಶಾಸಕರು ಬಾಯಿ ಬಿಟ್ಕೊಂಡು ನೋಡಿದ್ರು. ಆಮೇಲೆ ಕಿಟಕಿ ಹತ್ರ ಬಂದು ಕೈ ಇಳಿಸಿದ್ಲು. ಎಲ್ಲ ಹೇಳಿದ್ಲು. ಬಟ್ಟೆ ಬಿಚ್ಚಿ ಮಾಪಿನ್ ಕಡೆ ಚಾಚಿದ್ಲು.

'ಇದು ಮೂರನೇ ಸಲ ಕೇಳ್ತಿದೀನಿ ಡಾಕ್ಟರೇ. ಕೈ ಮೇಲೆ ಕೈ.'

ಅವನು ಶಾಸಕರ ಕಡೆ ತಿರುಗಿ, ಪಾಪ, ಗಂಡ ಮಗುನ ಕಳ್ಕೊಂಡಾಕೆ, ತಲೆ ಸ್ವಲ್ಪ... ಅಂತ ರಾಗ ಎಳೆದ. ಶಾಸಕರಲ್ಲಿ ಒಬ್ಬ ಮುದುಕ ರೈತ, ಹೊಗೆಸೊಪ್ಪು ಜಗಿಯೋನು. ಅವನು ಗೋಡೆ ಕಡೆ ಗದ್ದ ತೋರಿಸಿ ಅಂದ, 'ನೀವೇ ಬರೆಸಿದೀರಲ್ಲಪ್ಪ ದಪ್ಪಕ್ಷರದಲ್ಲಿ. ಬರೀ ಗಾಳಿನೇ ಆದ್ರೆ ಮುಟ್ಟೋಕೇನು ಭಯ?'

ಇನ್ನೇನು ಮಾಡ್ತಾನೆ? ಬಟ್ಟೆ ಕಟ್ಕೊಂಡ. ನಗ್ತಾನೇ ನಡೆದ. ಕಿಟಕಿ ಹತ್ರ ನಿಂತು, ನಾಟಕದವನ ಹಾಗೆ ಎರಡೂ ಕೈ ಎತ್ತಿ ಇಳಿಸಿದ... ಕೈ ನಿಂತ್ವು. ಅಲ್ಲೇ. ತಿರ್ಜಾನ ಕೈ ನಿಂತಿದ್ದ ಎತ್ತರದಲ್ಲೇ.

ನಗು ಮುಖದ ಮೇಲೇ ಉಳೀತು, ಒಳಗಿನ ಮನುಷ್ಯ ಹೋಗಿಬಿಟ್ಟಿದ್ದ. ಕೈ ಕಿತ್ಕೊಳ್ಳೋಕೆ ನೋಡ್ದ, ಬರ್ಲಿಲ್ಲ. ಅಷ್ಟು ವರ್ಷದ ಅಭ್ಯಾಸ ನೋಡಿ, ಬೆರಳು ತಾವಾಗಿ ಮೇಲಕ್ಕೆ ನಡೆದ್ವು. ತುಟಿ ತಾನಾಗಿ ಎಣಿಸ್ತು. ಸೊಂಟ, ಪಕ್ಕೆಲುಬು, ಹೆಗಲು... ಎಡಗೈ ಗದ್ದದ ಕೆಳಗೆ ಹೋಗಿ ಕೂತ್ಕೊಳ್ತು. 'ಬೇಡ ವಿನ್ನಿ' ಅಂದ. 'ಬೇಡ, ಬೇಡ...' ಮಗು ಅಂದ ಹಾಗಿತ್ತು. ಅವನ ಮೊಣಕೈ ತಾನಾಗಿ ತಿರುಗ್ತು. ಆಮೇಲೆ ಒಂದು ಸದ್ದು. ಕಟಕ್. ಅಷ್ಟೇ. ಒಣಗಿದ ಕಡ್ಡಿ ಮುರಿದ ಹಾಗೆ. ಅರವತ್ತು ಜನ ಕೇಳಿದ್ವಿ. ಕುರುಡು ಬಟ್ಟೆ ಕಟ್ಕೊಂಡೇ ಮಂಡಿ ಊರಿ ಎಲ್ಲ ಹೇಳಿದ. ಸೊಂಟಕ್ಕೆ ಬಂದವಳ ಕತ್ತು ಯಾಕೆ ಮುಟ್ಟಿದ ಅಂದ್ರೆ, ಅವತ್ತು ಯಾರೋ ದೊಡ್ಡೋರು ನೋಡೋಕೆ ಬಂದಿದ್ರು, ಅವರಿಗೆ ತನ್ನ ತಿರುವು ತೋರಿಸ್ಬೇಕಿತ್ತಂತೆ. ಸದ್ದಾದ ತಕ್ಷಣ ಅವನ ಬೆರಳಿಗೆ ಗೊತ್ತಾಗಿತ್ತು. ಬಂದೋರ ಕಡೆ ತಿರುಗಿ, 'ನೋಡಿ, ಹೇಗೆ ನಿದ್ದೆ ಹೋದ್ಲು' ಅಂದನಂತೆ.

ತಿರ್ಜಾಗೆ ಅವತ್ತೇ ಕಾಗದ ಕೊಟ್ರು. ಅವಳು ಅದಕ್ಕೆ ಕೈ ಚಾಚಲಿಲ್ಲ. ಮೊದಲು ಆ ದೊಡ್ಡ ಪುಸ್ತಕ ತರಿಸಿದ್ಲು. 'ವಾಸಿಯಾಗಿ ಊರಿಗೆ ಹೋದಳು' ಅನ್ನೋದನ್ನ ಹೊಡೆದು, ನಡೆದಿದ್ದನ್ನ ಬರೆದು, ಎಂಟು ಶಾಸಕರ ಸಹಿ ಹಾಕಿಸಿದ್ಲು. ಆಮೇಲೆ ಕಾಗದ ತಗೊಂಡ್ಲು. ಮೂವತ್ತಾರು ವರ್ಷ ನೊಡವೇ ಸೀಮೇಲಿ ಡಾಕ್ಟರಾಗಿದ್ಲು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳೇ ಒಂದು ಊರಾಗುತ್ತೆ.

ಅಜ್ಜಿ ನಿಲ್ಲಿಸಿದಳು. ಮೇಲೆ ಆಲಿಕಲ್ಲು ನಿಂತು ಬರೀ ಮಳೆ ಸುರಿಯುತ್ತಿತ್ತು. "ಸದ್ಯ, ಆ ಹುಡುಗಿಗೂ ಬಿಡುಗಡೆ ಆಯ್ತಲ್ಲ ಅಜ್ಜಿ," ಅಂದ ವೆಂಡೆಲ್.

ನಾವೂ ಹಾಗೇ ಅಂದ್ಕೊಂಡ್ವಿ ಕಣೋ. ಮಾರನೇ ವರ್ಷ ಇನ್ನೊಬ್ಬ ಹುಡುಗ ಕಿಟಕಿ ಹತ್ರ ನಿಂತ. ಒಂದು ಗಳಿಗೆ ಕೈ ಇಳಿಸಿದ... ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಬಾಗಿಲ ಕಡೆ ನಡೆದ. ಬೇರೆ ಯಾರೂ ಗಮನಿಸಲಿಲ್ಲ. ನನಗೆ ಗೊತ್ತಾಯ್ತು. ಹೇಗೆ ಗೊತ್ತಾಯ್ತು ಅಂತ ಕೇಳಿ. ಯಾಕೆ ಕೇಳ್ತಿಲ್ಲ?

ಮೊದಲನೇ ವರ್ಷ ತಿರ್ಜಾಗಿಂತ ಮುಂಚೆ ನಾನು ಹೋಗಿದ್ದೆ ಅಂದ್ನಲ್ಲ... ನನ್ನ ಕೈಗೂ ಸಿಕ್ಕಿದ್ಲು. ತಣ್ಣಗಿದ್ಲು. ನಾನು ಅವಳ ಕೆಳಗೆ ಮೇಜಿನ ಅಂಚು ಹುಡುಕಿದೆ. ಮೇಜಿರಲಿಲ್ಲ. ಕತ್ತಿನವರೆಗೂ ಹೋದೆ, ಮುರಿದ ಮಣಿ ಬೆರಳಿಗೆ ಬಂತು. ಆಮೇಲೆ ಕೈ ತೆಗೆದು 'ಆರು, ಮುಗೀತು' ಅಂದೆ. ಎರಡು ವರ್ಷ ತಿರ್ಜಾ ಪಕ್ಕದಲ್ಲಿ ಮಲಗಿದೆ. ಊರೆಲ್ಲ ಅವಳನ್ನ ಹುಚ್ಚಿ ಅಂದಾಗ ನಾನು ಅಲ್ಲೇ ಇದ್ದೆ. 'ನಾನೂ ಮುಟ್ಟಿದೀನಿ ತಿರ್ಜಾ' ಅಂತ ಒಂದೇ ಮಾತು... ಅವಳು ಸತ್ತ ಸುದ್ದಿ ಬಂದಾಗಲೂ ಆ ಮಾತು ನನ್ನ ಬಾಯಲ್ಲೇ ಇತ್ತು. ಇವತ್ತೇ ಮೊದಲು ಹೇಳ್ತಿರೋದು.

ನನ್ನ ಬೆರಳು ಸಾಯ್ತಾ ಬಂದ್ವು, ಕಿರುಬೆರಳು ಮೊದಲು. ಗೊತ್ತಾಗಿದ್ದು ಕೂದಲಿನ ಆಟದಲ್ಲಿ. ಒಂದು ಹಾಳೆ ಕೆಳಗೂ ಸಿಗದೇ ಹೋಯ್ತು. ಆಮೇಲೆ ಅಂಗಿ ಗುಂಡಿ ಯಾವುದು, ಕಾಳು ಯಾವುದು ಗೊತ್ತಾಗಲಿಲ್ಲ. ಆದ್ರೂ ಐದು ವರ್ಷ ರೋಗಿಗಳನ್ನ ಮುಟ್ಟಿದೆ, ಗೊತ್ತಾಗ್ತಿದೆ ಅಂತ ನಟಿಸ್ತಾ. ಒಂದು ಮಗುವಿನ ತೋಳು... ಬಿಡಿ. ಅವತ್ತು ಕಾಗದ ಟ್ರಂಕಿಗೆ ಹಾಕಿದೆ.

ಅಜ್ಜಿ ಕೈ ಚಾಚಿ ಉರಿಯುತ್ತಿದ್ದ ದೀಪದ ಗಾಜಿನ ಮೇಲೆ ಅಂಗೈಯನ್ನು ಪೂರ್ತಿ ಊರಿದಳು. ತೆಗೆಯಲಿಲ್ಲ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಗ್ಲೆನ್ನಾ ಚೀರಿ ಅವಳ ಮಣಿಕಟ್ಟು ಹಿಡಿದು ಎಳೆದಳು. ಚರ್ಮ ಸುಟ್ಟ ವಾಸನೆ ಮಾಳಿಗೆಯಲ್ಲೆಲ್ಲ ಹರಡಿತು.

ನೋಯಲ್ಲ ಕಣಮ್ಮಾ, ಬಿಡು. ವಿನ್ನಿ ಸೇಡಿಗೆ ಬರೋದಿಲ್ಲ. ಮಾಪಿನ್ ಸತ್ತು ಎಷ್ಟೋ ಕಾಲ ಆಯ್ತು. ಅವಳು ಪರೀಕ್ಷೆಗೆ ಬರ್ತಾಳೆ. ಬೆರಳು ಬಲಿತೋರಿಗೆ ಮಾತ್ರ ಸಿಗ್ತಾಳೆ, ಸಿಕ್ಕಿದ್ದನ್ನ ಹೇಳ್ತಾರೋ ನುಂಗ್ತಾರೋ ನೋಡ್ತಾಳೆ. ಹೇಳಿದೋರ ಕೈನ ಅವಳು ಕೊನೇವರೆಗೂ ಕಾಯ್ತಾಳೆ. ನ್ಯಾಯವಾಗೇ ಇದೆ. ನುಂಗಿದೋರ ಕೈಗೆ ಇನ್ನೊಬ್ಬರ ಕತ್ತು ಯಾಕೆ ಕೊಡ್ಬೇಕು?

ಬೆಳಗಿನಿಂದ ನಿಮ್ಮ ಜಗಳ ಕೇಳ್ತಾನೇ ಇದೀನಿ. ಆರು ಬೆನ್ನು, ಆರು ಬೆನ್ನು ಅಂತ ನಾಲ್ಕು ಜನ ಕೂಗಾಡಿದ್ರಿ. ಒಬ್ಬರು ಎಷ್ಟು ಅಂತ ಹೇಳಲೇ ಇಲ್ಲ. ಯಾರು ಅಂತ ನಾನು ಕೇಳಲ್ಲ, ಮುಖಾನೂ ನೋಡಲ್ಲ. ಈ ದೀಪ ಆರಿಸ್ತೀನಿ. ಬರೆದಿದ್ದನ್ನ ತಿದ್ದಬೇಕು ಅನ್ನೋರಿಗೆ ಶಾಲೆಯ ಕಚೇರಿ ನಾಳೆ ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತೆ. ಈಗ ಒಂದು ಕೆಲಸ ಮಾಡು, ಯಾರೇ ಆಗಿದ್ರೂ ಸರಿ. ಕತ್ತಲಲ್ಲಿ ನಿನ್ನ ಬೆರಳ ತುದಿಗಳನ್ನ ತುಟಿಗೆ ಒತ್ತಿ ನೋಡ್ಕೋ. ಇನ್ನೂ ಬಿಸಿ ತಿಳಿಯುತ್ತಾ?... ಕಿರುಬೆರಳು?